ಚಿಂಗೊಂಡೊ ಸ್ಮಶಾನದ ಮರಗಳೂ ನಿಮ್ಮ ನೇರ ಗೆರೆಯೂ

ಹಾಗಾಗಿ, ಮಾನ್ಯ ಜಿಲ್ಲಾ ಸಂಪರ್ಕಾಧಿಕಾರಿಗಳೇ, ನಿನ್ನೆ ನಿಮ್ಮ ಕಚೇರಿಯ ಕಿಟಕಿ ಮುಚ್ಚಿದ್ದರಿಂದ ಅರ್ಧಕ್ಕೆ ನಿಂತ ಮಾತನ್ನು ಈ ಪತ್ರಿಕೆಯಲ್ಲಿ ಮುಂದುವರಿಸುತ್ತಿದ್ದೇನೆ. ನಮ್ಮ ಹಳ್ಳಿಯ ಸ್ಮಶಾನದ ಮರಗಳನ್ನು ಸೋಮವಾರ ಕಡಿಸುತ್ತೀರಂತೆ. ಕಡಿಸಬೇಡಿ.

ಕಾರಣ ನನಗೆ ಗೊತ್ತಿದೆ. ನೆಲದಲ್ಲಿ ಹೂತಿದ್ದ ಕೇಬಲ್ಲನ್ನು ಕಳ್ಳರು ತಾಮ್ರದ ಆಸೆಗೆ ಕಿತ್ತರು. ಆಮೇಲೆ ನೀವು ಗುಡ್ಡದ ಗೋಪುರದಿಂದ ನಮ್ಮ ಆರೋಗ್ಯ ಕೇಂದ್ರದ ಸೂರಿನ ಮೇಲಿನ ಆಂಟೆನಾ ತಟ್ಟೆಗೆ ಇಂಟರ್ನೆಟ್ಟನ್ನು ಗಾಳಿಯಲ್ಲೇ ಕಳಿಸಿದಿರಿ. ಆ ಮೈಕ್ರೋವೇವ್ ಅಲೆ ಬೆಳಕಿನಂತೆ ನೇರ ಗೆರೆಯಲ್ಲಿ ಹೋಗುವಂಥದ್ದು. ನಡುವೆ ಏನೂ ಅಡ್ಡ ಇರಬಾರದು. 'ಲೈಟ್ ಟ್ರಾವೆಲ್ಸ್ ಇನ್ ಸ್ಟ್ರೈಟ್ ಲೈನ್ಸ್, ಅನ್‌ಲೆಸ್...' ಎಂದು ಕಾಲೇಜಿನಲ್ಲಿ ಉರು ಹೊಡೆದಿದ್ದೆ. ಅನ್‌ಲೆಸ್ ಏನು ಎಂಬುದು ಮರೆತಿದೆ. ನಿಮಗೂ ಮರೆತಿತ್ತೆಂದು ಕಾಣುತ್ತದೆ.

ನಿಮ್ಮ ಎಂಜಿನಿಯರು ಬಂದದ್ದು ಬೇಸಿಗೆಯಲ್ಲಿ, ಸ್ಮಶಾನದ ಮೊಂಬೊ ಮರಗಳು ಎಲೆ ಉದುರಿಸಿ ಕಡ್ಡಿಗಳಾಗಿ ನಿಂತಿದ್ದಾಗ. "ಬಾಂಬೊ, ಅಲ್ಲೇನಿದೆ?" ಎಂದು ನಮ್ಮ ಹಳ್ಳಿಯ ಮುಖ್ಯಸ್ಥರನ್ನು ಅಪ್ಪನೆಂದೇ ಕರೆದು ಕೇಳಿದರು. ಸ್ಮಶಾನದತ್ತ ನಾವು ಬೆರಳು ತೋರುವುದಿಲ್ಲ. ಪರಸ್ಥಳದವರ ಎದುರು ಅದರ ಹೆಸರನ್ನೂ ಎತ್ತುವುದಿಲ್ಲ. ಮುಖ್ಯಸ್ಥರು ನೆಲ ನೋಡುತ್ತ, "ಅಲ್ಲೇನಿಲ್ಲ ಬಿಡಪ್ಪ. ಬಾ, ಮೊದ್ಲು ಊಟ ಮಾಡು" ಅಂದರು. ಪುಣ್ಯಾತ್ಮರು ಊಟ ಮಾಡಿ, ನಕ್ಷೆಯಲ್ಲಿ 'ಖಾಲಿ ಜಾಗ' ಎಂದು ಬರೆದುಕೊಂಡು ಹೋದರು. ಅಷ್ಟು ದೂರ ಬಂದವರು ಇನ್ನು ನಾಲ್ಕು ಹೆಜ್ಜೆ ನಡೆಯಬಾರದಿತ್ತೇ? ಮಳೆ ಹಿಡಿಯಿತು, ಮರ ತುಂಬಿಕೊಂಡಿತು, ನೆನೆದ ಎಲೆಗಳು ನಿಮ್ಮ ಅಲೆಯನ್ನು ನುಂಗಿದವು. ಈಗ ತಪ್ಪು ಮರದ್ದು!

ಒಣಗಿ ಬಿದ್ದ ಕೊಂಬೆಯನ್ನೂ ಅಲ್ಲಿಂದ ಒಲೆಗೆ ತರುವವರಲ್ಲ ನಾವು. ಸುತ್ತಲ ಕಾಡೆಲ್ಲ ಇದ್ದಿಲಾಗಿ ಮಾರಿಹೋಯಿತು. ಉಳಿದ ನೆರಳು ಸತ್ತವರದ್ದೇ. ನಿಮ್ಮವರು ಕೆಂಪು ಬಣ್ಣ ಬಳಿದಿರುವ ಅಂಚಿನ ಮರದ ಬುಡದಲ್ಲಿ ನನ್ನ ಹೆಂಡತಿ ಎನೆಲೆಸ್ ಇದ್ದಾಳೆ.

ಹಾಗೆಂದು ಮುದುಕ ಇಂಟರ್ನೆಟ್ಟಿನ ವಿರೋಧಿ ಎಂದು ಬರೆದುಕೊಳ್ಳಬೇಡಿ. ಎನೆಲೆಸ್ ಉಸಿರಿಗೆ ಒದ್ದಾಡಿದ ದಿನ ಜಿಲ್ಲಾಸ್ಪತ್ರೆಯ ವೈದ್ಯರನ್ನು ಕೇಳಲು ದಾರಿಯೇ ಇರಲಿಲ್ಲ. ಈಗ ಹೆರಿಗೆ ಬಿಗಡಾಯಿಸಿದರೆ ನಮ್ಮ ಕೇಂದ್ರದ ನರ್ಸ್ ತಡಾಲಾ, ಪರದೆಯ ಮೇಲೆ ಆ ವೈದ್ಯರ ಮುಖ ನೋಡಿಯೇ ಕೇಳುತ್ತಾಳೆ, ನಿಮ್ಮ ಅಲೆ ಬಂದರೆ. ಮೊನ್ನೆ ಅವಳ ಬಳಿ ಗೋಳಾಡಿಕೊಂಡೆ.

"ಗೋಗೊ, ನಿಮಗೆ ನಿಮ್ಮ ಮರದ ಚಿಂತೆ. ನಂಗೆ ಡಾಕ್ಟ್ರು ಬೇಕು," ಎಂದು ಸ್ವಂತ ತಾತನಿಗೆ ಹೇಳುವಂತೆ ಅಂದಳು. "ಬೆಳಿಗ್ಗೆ ಒಬ್ಬ ಬಸುರೀನ ಸೈಕಲ್ ಮೇಲೆ ಕೂರ್ಸಿ ಕಳ್ಸಿದೀನಿ. ತಲುಪಿದ್ಲೋ ಇಲ್ವೋ, ಅದನ್ನ ಕೇಳೋಕೂ ಲೈನಿಲ್ಲ."

"ಹಂಗಾದ್ರೆ ಕಡೀಲಿ ಅಂತೀಯಾ?"

"ನಮ್ಮಜ್ಜೀನೂ ಅಲ್ಲೇ ಇದ್ದಾಳೆ. ಹೆಂಗೆ ಅನ್ಲಿ, ಹೇಳಿ?" ಎಂದು ಮುಖ ತಿರುಗಿಸಿದಳು.

ಸತ್ತವರು ಬೇಕೋ ಹುಟ್ಟುವವರು ಬೇಕೋ ಎಂದು ಆ ಹುಡುಗಿಯನ್ನು ಕೇಳಲು ನೀವು ಯಾರು, ಸ್ವಾಮಿ? ಶಾಲೆಯ ದಿಬ್ಬದ ಮೇಲೆ ಇನ್ನೊಂದು ಕಂಬ ನೆಟ್ಟು, ತಟ್ಟೆ ಕಟ್ಟಿ, ಅಲೆಯನ್ನು ಅಲ್ಲಿಂದ ತಿರುಗಿಸಿ. ಅಲ್ಲಿಗೆ ಗುಡ್ಡವೂ ಕಾಣುತ್ತದೆ, ಆರೋಗ್ಯ ಕೇಂದ್ರವೂ ಕಾಣುತ್ತದೆ. ಈ ಮಂಡಿನೋವಿನಲ್ಲಿ ಹತ್ತಿ ನೋಡಿ ಬಂದಿದ್ದೇನೆ. ನೀರು ಹೊತ್ತ ಹೆಂಗಸರು ದಿನಾ ಈ ತೋಪಿನೊಳಗೆ ಕಾಲಿಡದೆ ಸುತ್ತುಬಳಸಿಯೇ ನಡೆಯುತ್ತಾರೆ. ಭಾರವೇ ಇಲ್ಲದ ನಿಮ್ಮ ಅಲೆಗೆ ಏನು ದಣಿವು?

ಬರೆಯುವುದು ಇನ್ನೂ ಇತ್ತು. ಎನೆಲೆಸ್‌ಳ ಮರದಡಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕಾಣದಾಗುತ್ತಿದೆ. ಬೆಳಕು ಹೋದ ಮೇಲೆ ಬದುಕಿರುವವರು ಇಲ್ಲಿ ಕೂರುವಂತಿಲ್ಲ. ಏಳುತ್ತೇನೆ. ಸೋಮವಾರ ನಿಮ್ಮ ಗರಗಸದವರು ಬರುವಷ್ಟರಲ್ಲಿ ಬೆಳಕಾಗಿರುತ್ತದಲ್ಲ, ಆಗ ಇಲ್ಲೇ ಇರುತ್ತೇನೆ.

ಇಂತಿ,
ನಿಮ್ಮ ನಕ್ಷೆಯ ಖಾಲಿ ಜಾಗದಲ್ಲಿ ಹೆಂಡತಿಯನ್ನು ಮಲಗಿಸಿ ಬಂದ
ಲಾಮೆಕ್ ಕಾಂಡುಲು
ಚಿಂಗೊಂಡೊ, ಮಲಾವಿ