ಶಿವಪುತ್ರಪ್ಪ ಎದ್ದು ನಡೆದ ದಾರಿ

ನಿಲ್ಕುಂದ
ಕಾರ್ತಿಕ ಮಾಸ, ೧೯೬೬

ಅಕ್ಕ ಗುರುಶಾಂತವ್ವನವರಿಗೆ,

ನಿಲ್ಕುಂದದ ಚೌಡ ಬೀರ ನಾಯ್ಕ ಕೈಮುಗಿದು ಬರೆಯುವುದು. ಮೊನ್ನೆ ಮಂಗಳವಾರ ಶಿರಸಿ ಸಂತೆಯಲ್ಲಿ ನಿಮ್ಮೂರು ಬನವಾಸಿಯ ಬಸಪ್ಪನವರು ಸಿಕ್ಕಿದ್ದರು. ನಿಮ್ಮ ಅತ್ತೆ ಮುರಿಗೆವ್ವ ತಾಯಿ ಹೋದ ತಿಂಗಳು ಲಿಂಗೈಕ್ಯರಾದರೆಂದು ಅವರಿಂದ ತಿಳಿಯಿತು. ಹಾಸಿಗೆ ಹಿಡಿದಾಗಲೂ ಮಗನ ಸುದ್ದಿ ಬಂದರೆ, "ಹಟಮಾರಿ ಆಂವ. ಯಾರ ಮಾತೂ ಕೇಳಲಿಲ್ಲ. ಹಟಾ ಮಾಡೇ ಸತ್ತ" ಎನ್ನುತ್ತಿದ್ದರಂತೆ. ಆ ತಾಯಿಗೆ ನಿಜ ಹೇಳುವ ಹೊತ್ತು ಮೀರಿಹೋಯಿತು. ನೀವಾದರೂ ತಿಳಿಯಬೇಕು. ನೀವು ನಾಲ್ಕನೇ ಇಯತ್ತೆ ಓದಿದವರೆಂದು ನಿಮ್ಮ ಯಜಮಾನ ಶಿವಪುತ್ರಪ್ಪ ಬಹಳ ಹೆಮ್ಮೆಯಿಂದ ಹೇಳುತ್ತಿದ್ದ. ಈ ಕಾಗದವನ್ನು ಬೇರೆ ಯಾರ ಕೈಯಲ್ಲೂ ಓದಿಸದೆ ನೀವೇ ಓದಿರಿ.

ನಿಮ್ಮ ಯಜಮಾನರೂ ನಾನೂ ಗೆಳೆಯರಾದದ್ದು ಐವತ್ತೆಂಟರಲ್ಲಿ, ಸಿದ್ದಾಪುರದ ಕಾಡು ಅಳೆಯಲು ಸರ್ವೆಯವರು ಬಂದಿದ್ದಾಗ. ಇಬ್ಬರೂ ಸರಪಳಿ ಹಿಡಿಯುವ ಕೆಲಸಕ್ಕೆ ಸೇರಿದೆವು. ನಮ್ಮಿಬ್ಬರ ನಡಿಗೆ ಸಾಹೇಬರಿಗೆ ಹಿಡಿಸಿತು. ಮಾರವಾಡದ ಮರಳುಗಾಡಿಗೆ ಹೋಗುವಾಗ, ಬರುತ್ತೀರಾ ಎಂದು ಕೇಳಿದರು. ನಾನು ಒಂಟಿ ಆಳು, ಹೊರಟೆ. ಅವನು ತಾಯಿಯ ಮಾತು ಮೀರಿ ಹೊರಟ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಅಲ್ಲಿ ನಮ್ಮ ಕೆಲಸವೆಂದರೆ ನಡೆಯುವುದು. ಅಳೆಯುವವರಿಗಿಂತ ಒಂದು ದಿನ ಮುಂಚೆ ಹೋಗಿ, ಕಾಲುದಾರಿ ಎಲ್ಲಿಂದ ಎಲ್ಲಿಗೆ, ಬಾವಿ ಎಲ್ಲಿದೆ, ನೀರು ಸಿಹಿಯೋ ಉಪ್ಪೋ ಎಂದು ನೋಡಿ ಬಂದು ಹೇಳಬೇಕು. ಸಾಹೇಬರು ಅದನ್ನು ನಕಾಶೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಬರೆಯುತ್ತಿದ್ದರು. ಮೊದಲ ತಿಂಗಳು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ನಮ್ಮ ಘಟ್ಟದಲ್ಲಿ ಒಂದು ಹೊನ್ನೆ ಮರ, ಒಂದು ಹುತ್ತ ಸಾಕು, ದಾರಿ ತಪ್ಪುವುದಿಲ್ಲ. ಅಲ್ಲಿ ನಿನ್ನೆ ಕಂಡ ದಿಬ್ಬ ಇವತ್ತು ಬೇರೆ ರೂಪದಲ್ಲಿರುತ್ತದೆ. ಶಿವಪುತ್ರಪ್ಪನೇ ಬೇಗ ಕಲಿತ. ಬೆಳಗಿನ ಜಾವ ಮರಳು ತಣ್ಣಗೆ ಬಿಗಿಯಾಗಿದ್ದಾಗ ಎಷ್ಟು ಸಾಧ್ಯವೋ ಅಷ್ಟು ನಡೆದುಬಿಡಬೇಕು, ದಿಬ್ಬ ಹತ್ತುವಾಗ ಗಾಳಿ ಬಡಿಯುವ ಗಟ್ಟಿ ಮಗ್ಗುಲಿಗೇ ಕಾಲಿಡಬೇಕು, ಒಂಟೆ ಲದ್ದಿ ಕಂಡ ಕಡೆ ದಾರಿ ಇದೆ, ಕಲ್ಲುಗುಡ್ಡೆ ಕಂಡರೆ ಅದನ್ನು ಯಾರೋ ಪುಣ್ಯಾತ್ಮರು ನಮಗೋಸ್ಕರವೇ ಇಟ್ಟು ಹೋಗಿದ್ದಾರೆ. ಹೀಗೆಲ್ಲ ನನಗೆ ಹೇಳಿಕೊಟ್ಟವನು ಅವನು. ನಡೆಯುತ್ತ ನಡೆಯುತ್ತ ನಿಮ್ಮ ಮಾತೇ. ನೀವು ಮಾಡುವ ಅಕ್ಕಿ ರೊಟ್ಟಿ ಎಷ್ಟು ತೆಳ್ಳಗೆಂದರೆ ಅದರೊಳಗಿಂದ ವರದಾ ಹೊಳೆ ಕಾಣುತ್ತದೆ ಎನ್ನುತ್ತಿದ್ದ. ನಾನು ನಗುತ್ತಿದ್ದೆ.

ಅರವತ್ತೊಂದರ ಮಾರ್ಚ್, ಯುಗಾದಿ ಕಳೆದು ಮೂರನೇ ದಿನ. ಒಂಬತ್ತು ಮೈಲಿ ಆಚೆಯ ಬಾವಿಯ ಹಳ್ಳಿಗೆ ನಾವಿಬ್ಬರೇ ಹೊರಟಿದ್ದೆವು. ಹಿಂದಿನ ವಾರ ಅವನು ಸಾಹೇಬರ ಜೊತೆ ಆ ದಾರಿಯಲ್ಲಿ ಒಮ್ಮೆ ಹೋಗಿಬಂದಿದ್ದ. ನಾನು ಹೋಗಿರಲಿಲ್ಲ. ಐದು ಮೈಲಿ ನಡೆದ ಮೇಲೆ, ದಿಬ್ಬ ಇಳಿಯುವಾಗ ಅವನ ಬಲಗಾಲು ಒಂದು ಬಿಲದೊಳಗೆ ಹೋಗಿ ಮಡಚಿಕೊಂಡಿತು. ಪಾದದ ಮೇಲಿನ ಹರಡು ನೋಡನೋಡುತ್ತಿದ್ದಂತೆ ಊದಿತು. ಪಕ್ಕದಲ್ಲೊಂದು ಬನ್ನಿ ಮರ. ಹೌದಕ್ಕ, ಆ ಮರಳಲ್ಲೂ ನಮ್ಮ ಬನ್ನಿ ಮರವೇ ಬೆಳೆಯುತ್ತದೆ. ಅದರ ನೆರಳಿಗೆ ಅವನನ್ನು ಎತ್ತಿ ಕೂರಿಸಿದೆ. ದೊಡ್ಡ ನೀರಿನ ಚೀಲವನ್ನೂ ನಡೆಯುವ ಕೋಲನ್ನೂ ಅವನ ಹತ್ತಿರ ಬಿಟ್ಟು, ನಾನು ಸಣ್ಣ ಬಾಟಲಿ ತೆಗೆದುಕೊಂಡೆ.

"ನಾ ಹಳ್ಳಿಗೆ ಹೋಗಿ ಒಂಟೆ ತಗಂಡು ಬತ್ತೆ. ನಾ ಬರೋ ತನ್ಕ ಇಲ್ಲಿಂದ ಏಳ್ಬೇಡ ಮಾರಾಯ" ಅಂದೆ.

"ನಾ ಎಲ್ಲಿ ಹೋಗ್ಲಿ ಈ ಕಾಲು ತಗೊಂಡು? ಇಲ್ಲೇ ಕುಂತಿರ್ತೀನಿ" ಅಂದ. ಆಮೇಲೆ, "ಕೆಳಗ ದಾರಿ ಒಡೀತೈತಿ ನೋಡು. ಕಲ್ಲಗುಡ್ಡಿ ಬಲಕ್ಕ ಬಿಟ್ಟು ಎಡಕ್ಕ ಹೋಗು. ಬಲಗಡೆ ದಾರಿ ಅಗಲ ಕಾಣ್ತೈತಿ, ಮೋಸ ಹೋಗಬ್ಯಾಡ. ಅದು ಕುರಿ ದಾರಿ. ಆ ಕಡೆ ಇಪ್ಪತ್ತು ಮೈಲಿ ನೀರಿಲ್ಲ" ಅಂದ.

ಅದಕ್ಕೆ ನಾನು ಹೇಳಿದ ಮಾತು ಇದು: "ದಾರಿ ನಂಗೆ ಹೇಳ್ಕೊಡ್ತ್ಯನ? ನಾ ಘಟ್ಟದ ಕಾಡಲ್ಲಿ ಹುಟ್ಟಿದವ."

ಕವಲಿನ ಹತ್ತಿರ ಬಂದಾಗ ಗಾಳಿ ಏಳುತ್ತಿತ್ತು. ಕಲ್ಲುಗುಡ್ಡೆ ಅರ್ಧ ಮರಳಲ್ಲಿ ಮುಚ್ಚಿತ್ತು. ಅದು ನನ್ನ ಕಣ್ಣಿಗೇ ಬೀಳಲಿಲ್ಲ. ಅಗಲವಾದ ದಾರಿ ಕಂಡಿತು, ನಡೆದುಬಿಟ್ಟೆ. ಸ್ವಲ್ಪ ದೂರ ಹೋದಾಗ ಹಿಂದಿನಿಂದ ಯಾರೋ "ಚೌಡಾ" ಎಂದು ಕರೆದಂತಾಯಿತು.

ಅಕ್ಕ, ಇಲ್ಲಿಂದ ಮುಂದಿನದನ್ನು ನಾನು ಈ ಐದು ವರ್ಷ ಯಾರಿಗೂ ಹೇಳಿಲ್ಲ. ನಮ್ಮ ಕಾಡಿನಲ್ಲಿ ಒಂದು ಮಾತಿದೆ. ಒಬ್ಬನೇ ಹೋಗುವಾಗ ಯಾರಾದರೂ ಹೆಸರು ಹಿಡಿದು ಕರೆದರೆ ತಿರುಗಬಾರದು, ಓಗೊಡಬಾರದು. ಮನುಷ್ಯನಾದರೆ ಮೂರು ಸಲ ಕರೆಯುತ್ತಾನೆ. ಮೂರನೆಯದು ಕೇಳಿದ ಮೇಲೇ ಉತ್ತರ ಕೊಡಬೇಕು. ನಮ್ಮವ್ವ ದ್ಯಾವಮ್ಮ ನಾನು ದನ ಕಾಯಲು ಹೋಗುತ್ತಿದ್ದಾಗ ದಿನವೂ ಇದನ್ನೇ ಹೇಳಿ ಕಳಿಸುತ್ತಿದ್ದಳು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು ನಾನು, ಆದರೂ ಕಾಲು ಆ ಮಾತನ್ನು ಮರೆತಿರಲಿಲ್ಲ. ತಿರುಗಲಿಲ್ಲ. ದಿಬ್ಬ ದಾಟುವಾಗ ಇನ್ನೊಮ್ಮೆ ಕೇಳಿತು. ಈ ಸಲ ಸಣ್ಣಗೆ. ನಿಂತೆ. ಮೂರನೆಯ ಕೂಗಿಗೆ ಕಾದೆ. ಅದು ಬರಲಿಲ್ಲ. ಮುಂದೆ ನಡೆದೆ.

ಹಾಗೆಂದು ಬರೆದರೂ ಪೂರ್ತಿ ನಿಜವಾಗುವುದಿಲ್ಲ. ಎರಡನೆಯ ಸಲ ಅದು ಅವನ ದನಿಯೆಂದು ನನಗೆ ಗೊತ್ತಾಗಿತ್ತು. ಒಬ್ಬನೇ ಕೂತು ಹೆದರಿ ಕರೆಯುತ್ತಿದ್ದಾನೆ, ವಾಪಸ್ಸು ಹೋದರೆ ಹೊತ್ತಾಗುತ್ತದೆ ಎಂದುಕೊಂಡೆ. ಅವ್ವನ ಮಾತು ನನಗೊಂದು ನೆಪವಾಯಿತು.

ಮೂರು ಗಂಟೆ ನಡೆದರೂ ಹಳ್ಳಿ ಸಿಗಲಿಲ್ಲ. ನೀರು ಮುಗಿಯಿತು. ದೇವರ ದಯೆಯೋ ಏನೋ, ಬೀಡು ಬದಲಿಸುತ್ತಿದ್ದ ಕುರಿಗಾಹಿ ಮುದುಕನೊಬ್ಬ ಎದುರಾದ. ನೀರು ಕೊಟ್ಟ. ದಾರಿ ತಪ್ಪಿದ್ದೀಯ ಎಂದ. ಅಷ್ಟರಲ್ಲಿ ಗಾಳಿ ಕೆರಳಿ ಆಕಾಶ ಕೆಂಪಾಗಿ, ಒಂದು ಮಾರು ದೂರದ್ದೂ ಕಾಣದಾಯಿತು. ಅವನ ಕಂಬಳಿಯ ಕೆಳಗೆ ಕುರಿಗಳ ನಡುವೆ ಮುದುಡಿ ಕೂತೆವು. ಶಿವಪುತ್ರಪ್ಪ ಮರದ ಬುಡದಲ್ಲಿದ್ದಾನೆ, ನೀರಿದೆ, ತಡೆದುಕೊಳ್ಳುತ್ತಾನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಬೆಳಿಗ್ಗೆ ಗಾಳಿ ನಿಂತಿತು. ಮುದುಕನ ಒಂಟೆಯ ಮೇಲೆ ಹಿಂದಕ್ಕೆ ಹೊರಟೆವು. ಕವಲಿಗೆ ಇನ್ನೂ ಮೈಲಿಗಟ್ಟಲೆ ಇರುವಾಗಲೇ ಮುದುಕ ಒಂಟೆ ನಿಲ್ಲಿಸಿ ಕೆಳಗಿಳಿದ. ಪೊದೆಗಳ ಮರೆಯಲ್ಲಿ, ಗಾಳಿ ತಾಕದ ಕಡೆ, ನೆಲದಲ್ಲಿ ಹೆಜ್ಜೆಗಳಿದ್ದವು. ನನ್ನ ಬೂಟಿನ ಗುರುತು, ಅದರ ಮೇಲೆ ಇನ್ನೊಂದು ಗುರುತು. ಎಡಪಾದ ಪೂರ್ತಿ ಮೂಡಿತ್ತು, ಬಲಪಾದ ಎಳೆದ ಗೀಟು ಮಾತ್ರ, ಪಕ್ಕದಲ್ಲಿ ಕೋಲೂರಿದ ತೂತು. ಮುದುಕ ನನ್ನ ಮುಖ ನೋಡಿ, ತನ್ನ ಭಾಷೆಯಲ್ಲಿ, "ಇವನು ನಿನ್ನ ಹಿಂದೆಯೇ ಬಂದಿದ್ದಾನೆ" ಎಂದ.

ಅವನು ಮರದ ಕೆಳಗಿಂದ ನೋಡುತ್ತಲೇ ಇದ್ದ, ಅಕ್ಕ. ನಾನು ತಪ್ಪು ದಾರಿ ಹಿಡಿದದ್ದನ್ನು ಕಂಡ. ಕೂಗಿದ. ನಾನು ತಿರುಗದಿದ್ದಾಗ ಕೋಲು ಹಿಡಿದು ಎದ್ದ. ಆ ಕಾಲಿನಲ್ಲಿ ನಾಲ್ಕು ಮೈಲಿ ನನ್ನ ಬೆನ್ನು ಹಿಡಿದು ಬಂದ. ಆಮೇಲೆ ಗಾಳಿ ದಾರಿಯನ್ನು ಅಳಿಸಿತು. ದಾರಿಯಿಂದ ಅರ್ಧ ಮೈಲಿ ಪಕ್ಕಕ್ಕೆ, ಒಂದು ಪೊದೆಗೆ ಒರಗಿ ಕೂತಂತೆ ಸಿಕ್ಕ. ನೀರಿನ ಚೀಲ ಬರಿದಾಗಿತ್ತು. ಕೊರಳಿನ ಲಿಂಗವನ್ನು ಕೈಯಲ್ಲಿ ಹಿಡಿದುಕೊಂಡಿದ್ದ.

ವಿಚಾರಣೆಯಲ್ಲಿ ಸಾಹೇಬರು ಕೇಳಿದರು. "ಏಳಬೇಡ ಎಂದು ಹೇಳಿದ್ದೆ, ಅವನೇ ಎದ್ದು ಹೋದ" ಎಂದೆ. ಅದೂ ಸುಳ್ಳಲ್ಲ. ಆದರೆ ಅದನ್ನೇ ಬರೆದುಕೊಂಡರು, ಅದೇ ನಿಮ್ಮ ಮನೆಗೂ ಬಂತು. ಆ ಮಳೆಗಾಲಕ್ಕೆ ಮುಂಚೆ ನಿಮ್ಮ ಬಾಗಿಲಿಗೆ ಬಂದಾಗ ನಾನೂ ಅಷ್ಟನ್ನೇ ಹೇಳಿದೆ. ನೀವು ಮಜ್ಜಿಗೆ ಕೊಟ್ಟಿರಿ. ಅಳಲಿಲ್ಲ. "ನನ್ನ ನೆನಪರ ಬಂದಿದ್ರ ಕುಂತಲ್ಲೇ ಕುಂತಿರ್ತಿದ್ರು, ಚೌಡಣ್ಣಾ" ಎಂದಿರಿ. ಆಗಲೇ ಹೇಳಬೇಕಿತ್ತು. ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು ಬಂದುಬಿಟ್ಟೆ.

ಈಗ ಘಟ್ಟ ಇಳಿಯುವವರಿಗೆ ದಾರಿ ತೋರಿಸಿಕೊಂಡು ಇದ್ದೇನೆ. ಕಾಡಿನಲ್ಲಿ ಯಾರು ಒಂದು ಸಲ ಕರೆದರೂ ಓಗೊಡುತ್ತೇನೆ. ನಮ್ಮವ್ವ ಬೈಯುತ್ತಾಳೆ. ಬೈಯಲಿ.

ಅವನನ್ನು ಮಣ್ಣು ಮಾಡಿದ ಬಗೆಯನ್ನೂ ನಿಮಗೆ ಹೇಳಬೇಕು. ನಮ್ಮ ಪದ್ಧತಿ ಬೇರೆ, ನಿಮ್ಮದು ನನಗೆ ಸರಿಯಾಗಿ ತಿಳಿಯದು. ಬನವಾಸಿ ಕಡೆ ಒಮ್ಮೆ ಕಂಡದ್ದನ್ನು ನೆನಪು ಮಾಡಿಕೊಂಡು ಮಾಡಿದೆ. ನಾನೂ ಆ ಮುದುಕನೂ ಅವನನ್ನು ಕೂತಂತೆಯೇ ಕುಣಿಗೆ ಇಳಿಸಿದೆವು. ಅವನ ಚೀಲದಲ್ಲಿದ್ದ ವಿಭೂತಿಯನ್ನು ಹಣೆಗೆ, ತೋಳಿಗೆ ಹಚ್ಚಿದೆ. ಲಿಂಗ ಎಡಗೈಯಲ್ಲೇ ಇತ್ತು, ತೆಗೆಯಲಿಲ್ಲ. ಬಿಲ್ವಪತ್ರೆ ಎಲ್ಲಿಂದ ತರಲಿ? ಬನ್ನಿ ಸೊಪ್ಪು ಹಾಕಿದೆ. ಮಂತ್ರ ಬರುತ್ತಿರಲಿಲ್ಲ. ಅವನ ಹೆಸರು ಹೇಳಿ, ನಿಮ್ಮ ಹೆಸರು ಹೇಳಿ, ಮುರಿಗೆವ್ವ ತಾಯಿಯ ಹೆಸರು ಹೇಳಿ ಮಣ್ಣು ಹಾಕಿದೆ. ತಪ್ಪಾಗಿದ್ದರೆ ನಿಮ್ಮ ಮಠದ ಅಯ್ಯನವರನ್ನು ಕೇಳಿ, ಏನು ಮಾಡಬೇಕೋ ಮಾಡಿಸಿರಿ.

ಅವನು ಹಟಕ್ಕೆ ಏಳಲಿಲ್ಲ. ನಿಮ್ಮ ನೆನಪು ಇಲ್ಲದೆಯೂ ಏಳಲಿಲ್ಲ. ನಾನು ಸಾಯಬಾರದೆಂದು ಎದ್ದ. ಇದನ್ನು ನೀವು ನಂಬಬೇಕು. ನನ್ನನ್ನು ಕ್ಷಮಿಸಬೇಕೆಂದು ಕೇಳುವುದಕ್ಕೆ ಈ ಕಾಗದವಲ್ಲ.

ನೀವು ಯಾವತ್ತಾದರೂ ಅಲ್ಲಿಗೆ ಹೋಗಬೇಕೆಂದರೆ, ಜೋಧಪುರದಿಂದ ಪೋಕರಣಕ್ಕೆ ರೈಲು, ಅಲ್ಲಿಂದ ಜೈಸಲಮೇರಕ್ಕೆ ಬಸ್ಸು ಇದೆ. ಅಲ್ಲಿಂದ ಪಶ್ಚಿಮಕ್ಕೆ ಒಂಟೆಗಾಡಿಯಲ್ಲಿ ಎರಡು ದಿನ, ಆಮೇಲೆ ನಡಿಗೆ. ದಾರಿ ಮರಳಲ್ಲಿ ಅಳಿಸಿಹೋಗಿರುತ್ತದೆ, ನನ್ನ ಕಾಲಿಗೆ ನೆನಪಿದೆ. ನಾನು ಮುಂದೆ ನಡೆಯುತ್ತೇನೆ, ನೀವು ಹಿಂದೆ ಬನ್ನಿ. ನನ್ನ ಮುಖ ನೋಡುವುದು ಬೇಡವೆಂದರೂ ಸರಿ, ದಾರಿಯುದ್ದಕ್ಕೂ ಒಂದು ಮಾತೂ ಆಡಬೇಕಿಲ್ಲ.

ಮುಂದಿನ ಅಮಾವಾಸ್ಯೆಯ ದಿನ ಬನವಾಸಿಗೆ ಬರುತ್ತೇನೆ. ಹೊಳೆಯ ದಂಡೆಯಲ್ಲಿ ಸಂಜೆಯವರೆಗೆ ಕೂತಿರುತ್ತೇನೆ. ಕರೆಸಿದರೆ ಮನೆಗೆ ಬರುತ್ತೇನೆ, ಇಲ್ಲವಾದರೆ ಕತ್ತಲಾಗುವ ಮುಂಚೆ ಎದ್ದು ಹೋಗುತ್ತೇನೆ. ಆ ಮಧುಕೇಶ್ವರ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ ಮನೆಯ ಋಣ ಹೊತ್ತವನು,
ಚೌಡ