ಲೇಬಲ್ಲಿನ ಕೆಳಗೆ ಅಪ್ಪ

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ ಅಣ್ಣನ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಸಿಗರೇಟ್ ಪ್ಯಾಕ್ ಸಿಕ್ಕಿತು. ಅದರ ಮೇಲಿನ ಎಚ್ಚರಿಕೆಯ ಚಿತ್ರಕ್ಕೆ ನನ್ನ ಪುಸ್ತಕದ ಲೇಬಲ್ ಅಂಟಿಸಿದ್ದ, ಅಂಚು ಕೂಡ ಸೊಟ್ಟಗಾಗದ ಹಾಗೆ.

ಲೇಬಲ್ಲಿನ ಕೆಳಗಿರುವುದು ಅಪ್ಪನ ಮುಖ. ಗಂಟಲಿನ ಆಪರೇಷನ್ ಆಗಿ ದನಿ ಹೋದಮೇಲೆ, ಸಿಗರೇಟ್ ಪ್ಯಾಕಿನ ಮೇಲೆ ಹಾಕಲು ಸರ್ಕಾರದವರು ಫೋಟೊ ಕೇಳಿದಾಗ ಅಪ್ಪ ಸ್ಲೇಟಿನ ಮೇಲೆ ಬರೆದಿದ್ದರು: "ತೆಗೀಲಿ ಬಿಡು. ನಿಮ್ಮಣ್ಣ ನನ್ನ ಮಾತಂತೂ ಕೇಳ್ಲಿಲ್ಲ, ಮುಖ ನೋಡಿಯಾದ್ರೂ ಬಿಡ್ತಾನೇನೋ." ಅಪ್ಪ ತೀರಿಕೊಂಡು ಐದು ತಿಂಗಳಿಗೆ ಆ ಪ್ಯಾಕ್ ಅಂಗಡಿಗೆ ಬಂತು.

ಪ್ಯಾಕ್ ಹಿಡಿದು ಅಣ್ಣನ ಮುಂದೆ ನಿಂತೆ. ಅವನು ತಲೆ ತಗ್ಗಿಸಿ ಅದನ್ನು ಇಸಿದುಕೊಂಡ.

"ಅಪ್ಪ ನೋಡ್ತಾ ಇದ್ರೆ ಹೇಗೆ ಸೇದ್ಲಿ, ಹೇಳೇ?"

ಅಪ್ಪ ಇದ್ದಾಗಲೂ ಹೀಗೇ, ನೀರಿನ ಟ್ಯಾಂಕಿನ ಹಿಂದೆ ಅಡಗಿ ಸೇದುತ್ತಿದ್ದ. ನಗು ಬಂತು. ಆಮೇಲೆ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ.

ಈಗ ಗೋಡೆಯಾಚೆ ಅಣ್ಣ ಕೆಮ್ಮುತ್ತಿದ್ದಾನೆ. ಅಪ್ಪನದೇ ಕೆಮ್ಮು.

ಬೈಯುವುದು ನನ್ನಿಂದಾಗದು. ನಾಳೆ ಅವನು ಏಳುವ ಮೊದಲು ಲೇಬಲ್ಲನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಬಿಡಿಸುತ್ತೇನೆ, ಅಪ್ಪನ ಕಣ್ಣ ಮೇಲೆ ಅಂಟು ಉಳಿಯದ ಹಾಗೆ. ಬಿಡಿಸಿ, ಪ್ಯಾಕನ್ನು ಮತ್ತೆ ಅವನ ಜೇಬಿನಲ್ಲೇ ಇಡುತ್ತೇನೆ.