ಹಳೆಯ ಗೆರೆ ಅಳಿಸಬೇಡಿ

ಈಸೂರು
ಭಾನುವಾರ

ಉಳವಿಯಲ್ಲಿರುವ ನಮ್ಮ ಅಳಿಯಂದಿರಾದ ಸುರೇಂದ್ರ ಅವರಿಗೆ, ಮಾವ ಹನುಮಂತಪ್ಪನ ಆಶೀರ್ವಾದ.

ನೀವು ಕಳಿಸಿದ ಹೊಸ ವಿಡಿಯೊ ನೋಡಿದೆ. ಒಂದೇ ಹಾಳೆಯಲ್ಲಿ ಚಿತ್ರ ಅಳಿಸಿ, ತಿದ್ದಿ, ಮತ್ತೆ ಮತ್ತೆ ಫೋಟೊ ತೆಗೆದಿದ್ದೀರಿ. ಕ್ಲೇ ಬೊಂಬೆಯನ್ನು ಸ್ವಲ್ಪಸ್ವಲ್ಪವೇ ಸರಿಸಿ, ಒಂದೊಂದು ಫೋಟೊ ತೆಗೆದು ಸಿನಿಮಾ ಮಾಡಿದ ಕೈಯ ಅಭ್ಯಾಸ ಅದು. ಬರೆದು ಆಡಿಸುವ ಚಿತ್ರದಲ್ಲಿ ಪ್ರತಿ ಚಲನೆಗೂ ಬೇರೆ ಹಾಳೆ ಬೇಕು. ಹಳೆಯದನ್ನು ಅಳಿಸಬೇಡಿ. ಅದನ್ನು ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ಹೊಸ ಹಾಳೆಯಿಟ್ಟು, ಕೆಳಗೆ ಮಸುಕಾಗಿ ಕಾಣುವ ಗೆರೆ ನೋಡಿಕೊಂಡೇ ಕೂದಲಷ್ಟು ಮುಂದೆ ಬರೆಯಿರಿ. ಬೊಂಬೆಯ ಮುಖ ತಾನಾಗಿ ಹಾಗೇ ಉಳಿಯುತ್ತಿತ್ತು. ಚಿತ್ರದಲ್ಲಿ ಮುಖ ಹಾಳೆಯಿಂದ ಹಾಳೆಗೆ ಬದಲಾಗದಂತೆ ನೀವೇ ನೆನಪಿಡಬೇಕು. ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದ ನನಗೆ ಗೊತ್ತಿರುವುದು ಇಷ್ಟೇ.

ಬೊಂಬೆ ಆಡಿಸುವುದನ್ನು ಯಾಕೆ ಬಿಟ್ಟಿರೆಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಆ ಬೊಂಬೆ ಮಾಡಿದವಳು ನಮ್ಮ ಮಗಳು ಚೈತ್ರ. ಅವಳು ತೀರಿಕೊಂಡು ಏಳು ತಿಂಗಳಾಯಿತು. ಬೊಂಬೆಯನ್ನು ಸರಿಸಿದಷ್ಟೂ ಅದರ ಮೇಲಿನ ಅವಳ ಬೆರಳಚ್ಚು ಅಳಿಸಿಹೋಗುತ್ತದೆ.

ನಿನ್ನೆ ನಿಮ್ಮ ಅತ್ತೆ, "ಆ ಬೊಂಬೆ ನಮಗೆ ಕೊಡ್ತಾರೇನೋ ಕೇಳ್ರೀ, ಒಂದ್ಸಲ ನೋಡ್ಬೇಕು" ಅಂದಳು. ತರುವುದಾದರೆ ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆ ಕೂರಬೇಡಿ, ಕ್ಲೇ ಮೆತ್ತಗಾಗುತ್ತದೆ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಶಿಕಾರಿಪುರದ ಬಸ್ ಸ್ಟ್ಯಾಂಡಿಗೆ ನಾನೇ ಬಂದಿರುತ್ತೇನೆ.

ಚೈತ್ರ ಓದುತ್ತಿದ್ದ ಮೇಜಿನ ಮೇಲೆ ಬೊಂಬೆಗೆ ಜಾಗ ಮಾಡಿದ್ದೇವೆ. ಇಲ್ಲಿ ಅದನ್ನು ಯಾರೂ ಸರಿಸುವುದಿಲ್ಲ.

ನಿಮ್ಮ ದಾರಿ ನೋಡುತ್ತಿರುವ,
ಹನುಮಂತಪ್ಪ